ನಮ್ಮ ಚರ್ಚ್‌ಗೆ ಯಾವ ಸೌಂಡ್ ಸಿಸ್ಟಮ್? ಅನುಭವ ಇದ್ದವರು ಹೇಳಿ

ಪ್ರಶ್ನೆ, ಉಡುಪಿಯಿಂದ: ನಮ್ಮದು ಹೆಂಚಿನ ಮಾಡಿನ ಹಳೇ ಚರ್ಚ್. ಸುಮಾರು 350 ಜನ ಕೂರುತ್ತಾರೆ. ಫಾದರ್ ಪ್ರವಚನ ಕೊಡುವಾಗ ಹಿಂದಿನ ಬೆಂಚಿನವರಿಗೆ ಶಬ್ದ ಕೇಳಿಸುತ್ತದೆ, ಮಾತು ಅರ್ಥವಾಗುವುದಿಲ್ಲ. ಅಂಗಡಿಯವರು 15 ಇಂಚಿನ ದೊಡ್ಡ ಸ್ಪೀಕರ್ ಹಾಕಿ ಅನ್ನುತ್ತಿದ್ದಾರೆ. ಹಾಕಬಹುದಾ?

ಉತ್ತರ, ಮಂಗಳೂರಿನಿಂದ: ದಯವಿಟ್ಟು ಸ್ವಲ್ಪ ತಡೆಯಿರಿ. ನಾವು ಇದೇ ತಪ್ಪು ಮಾಡಿದ್ದೆವು. ವೇದಿಯ ಎರಡೂ ಪಕ್ಕ ದೊಡ್ಡ ಸ್ಪೀಕರ್ ಇಟ್ಟು ಜೋರು ಮಾಡಿದ್ದೇ ಮಾಡಿದ್ದು. ಮುಂದೆ ಕೂತವರಿಗೆ ಕಿವಿ ನೋವು, ಹಿಂದೆ ಕೂತವರಿಗೆ ಮೊದಲಿನ ಪಾಡೇ. ಗಾರೆ ಗೋಡೆ, ನುಣುಪು ನೆಲ, ಎತ್ತರದ ಮಾಡು. ಒಂದು ಅಕ್ಷರ ಅಡಗುವ ಮೊದಲೇ ಇನ್ನೊಂದು ಬಂದು ಅದರ ಮೇಲೆ ಬೀಳುತ್ತದೆ. ವಾಲ್ಯೂಮ್ ಏರಿಸಿದರೆ ಆ ಗದ್ದಲವೂ ಏರುತ್ತದೆ, ಅಷ್ಟೇ.

ಚರ್ಚ್ ಖಾಲಿ ಇರುವಾಗ ನಡುವೆ ನಿಂತು ಒಂದೇ ಒಂದು ಚಪ್ಪಾಳೆ ತಟ್ಟಿ. ನಮ್ಮಲ್ಲಿ ಅದು ಪೂರ್ತಿ ಅಡಗಲು ಮೂರು ಸೆಕೆಂಡ್ ಹತ್ತಿರ ಬೇಕಾಯಿತು! ಇಂಥ ಕಟ್ಟಡಕ್ಕೆ ಕಾಲಮ್ ಸ್ಪೀಕರ್ ಒಳ್ಳೆಯದು. ಉದ್ದಕ್ಕೆ, ಸಪೂರಕ್ಕೆ ಇರುತ್ತದೆ. ಒಳಗೆ ಸಣ್ಣ ಸ್ಪೀಕರ್‌ಗಳು ಒಂದರ ಮೇಲೊಂದು. ಶಬ್ದವನ್ನು ಅಗಲಕ್ಕೆ ಹರಡುತ್ತದೆ, ಮೇಲಕ್ಕೆ ಕಡಿಮೆ ಬಿಡುತ್ತದೆ. ಹಾಗಾಗಿ ಮಾಡಿಗೆ ಬಡಿಯುವುದಕ್ಕಿಂತ ಜನರ ಕಿವಿಗೆ ಬೀಳುವುದೇ ಜಾಸ್ತಿ. ನಾವು ಮುಂದೆ ಎರಡು, ನಡುವಿನ ಕಂಬಗಳಿಗೆ ಎರಡು ಹಾಕಿಸಿದೆವು. ಕಂಬದವಕ್ಕೆ ಡಿಲೇ, ಅಂದರೆ ಶಬ್ದ ಸ್ವಲ್ಪ ತಡವಾಗಿ ಹೊರಡುವ ಹಾಗೆ, ಕೊಡಿಸಲು ಮರೆಯಬೇಡಿ. ಶಬ್ದ ಒಂದು ಮೀಟರ್ ಹೋಗಲು ಸುಮಾರು 3 ಮಿಲಿಸೆಕೆಂಡ್ ಬೇಕು. 15 ಮೀಟರ್ ದೂರಕ್ಕೆ ಸುಮಾರು 45. ಇದನ್ನು ಬಿಟ್ಟರೆ ಒಂದೇ ಮಾತು ಎರಡು ಸಲ ಕೇಳಿಸುತ್ತದೆ.

ಮತ್ತೆ, ಕೊಯರ್‌ನ ಮೈಕ್‌ಗಳು. ನಮ್ಮಲ್ಲಿ ನಾಲ್ಕೂ ಪೂಜೆ ಮುಗಿಯುವ ತನಕ ಆನ್ ಇರುತ್ತಿದ್ದವು. ಆನ್ ಇರುವ ಮೈಕ್ ಎರಡರಷ್ಟಾದ ಹಾಗೆಲ್ಲ ವಾಲ್ಯೂಮನ್ನು 3 ಡೆಸಿಬಲ್‌ನಷ್ಟು ತಗ್ಗಿಸಬೇಕು, ಇಲ್ಲದಿದ್ದರೆ ಕೂಯ್ ಅನ್ನಲು ಶುರು. ಈಗ ಒಬ್ಬ ಹುಡುಗ ಮಿಕ್ಸರ್ ಹತ್ತಿರವೇ ಕೂತು, ಹಾಡು ಮುಗಿದ ಕೂಡಲೇ ಮುಚ್ಚುತ್ತಾನೆ. ಒಂದು ಪೈಸೆ ಖರ್ಚಿಲ್ಲದೆ ಅರ್ಧ ತೊಂದರೆ ಹೋಯಿತು.

ಉತ್ತರ, ಕಾಪು ಕಡೆಯಿಂದ: ಮೇಲಿನವರು ಹೇಳಿದ್ದು ಸರಿ. ನಾನು ಮಳೆಗಾಲದ ಮಾತು ಸೇರಿಸುತ್ತೇನೆ. ಒಂದು ಜುಲೈ ಆದಿತ್ಯವಾರ ವಾಚನದ ನಡುವೆ ಮೈಕ್ ಕರಕರ ಅನ್ನತೊಡಗಿತು. ಕೇಬಲ್ ತುದಿ ಎಳೆದು ನೋಡಿದರೆ ಮೂರೂ ಪಿನ್ನಿಗೆ ಪಾಚಿಯ ಹಾಗೆ ಹಸಿರು ಕಿಲುಬು. ಸಮುದ್ರದ ಗಾಳಿ ಅಲ್ವಾ, ಉಪ್ಪು ಎಲ್ಲಿಗೂ ಬರುತ್ತದೆ. ಈಗ ಮೈಕ್, ಕೇಬಲ್ ಎಲ್ಲ ಮುಚ್ಚಿದ ಕಪಾಟಿನಲ್ಲಿ, ಒಳಗೆ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ. ಗುಡುಗು ಶುರುವಾಗುವ ಮೊದಲೇ ಪ್ಲಗ್ ತೆಗೆಯುತ್ತೇವೆ. ಅರ್ಥಿಂಗ್ ಸರಿ ಇದೆಯಾ ಅಂತ ಎಲೆಕ್ಟ್ರಿಷಿಯನ್ ಹತ್ತಿರ ಮೊದಲೇ ನೋಡಿಸಿ.

ದುಡ್ಡು ಕೊಡುವ ಮುಂಚೆ ಅಂಗಡಿಯವರ ಸ್ಪೀಕರನ್ನು ನಿಮ್ಮ ಚರ್ಚ್‌ನಲ್ಲೇ ಒಂದು ಪೂಜೆಗೆ ಹಚ್ಚಿಸಿ. ಫ್ಯಾನೆಲ್ಲ ತಿರುಗುತ್ತಿರಲಿ. ಹೆಂಚಿನ ಮೇಲೆ ಮಳೆ ಸುರಿಯುತ್ತಿದ್ದರೆ ಇನ್ನೂ ಒಳ್ಳೆಯದು. ಕೊನೆಯ ಬೆಂಚಿನಲ್ಲಿ ಕೂರುವ ಅಜ್ಜ ಅಜ್ಜಿಯರನ್ನು ಆಮೇಲೆ ಕೇಳಿ: ಇವತ್ತು ಫಾದರ್ ಏನು ಹೇಳಿದರು?