‘10 ಹೆಜ್ಜೇಲಿ ರಿಟ್ರೀವಲ್’: ಬ್ಯಾಚ್ ಗ್ರೂಪಿನಲ್ಲಿ ಒಂದು ಚಾರ್ಟಿನ ಜಗಳ

ರಘು: [ಫಾರ್ವರ್ಡ್ ಮಾಡಿದ ಚಿತ್ರ: ಬ್ರೇನ್ ಡೆತ್ ಆದ ಡೋನರ್‌ನಿಂದ ಕಸಿಗೆ ಹೊಟ್ಟೆಯ ಅಂಗ ತೆಗೆಯೋದು (ರಿಟ್ರೀವಲ್), 10 ಹೆಜ್ಜೆ] ಚೆನ್ನಾಗಿದೆ. ಪಿಜಿ ಹುಡುಗರಿಗೆ ಪ್ರಿಂಟ್ ಹಾಕಿಸಿ ಕೊಡೋಣ ಅಂತಿದೀನಿ.

ಸವಿತಾ: ಪೂರ್ತಿ ಓದಿದ್ಯೇನೋ? 4ನೇ ಹೆಜ್ಜೇಲಿ, ರಕ್ತ ಹೆಪ್ಪುಗಟ್ಟದ ಹಾಗೆ ಕೊಡೋ ಹೆಪಾರಿನ್ 5,000 ಯೂನಿಟ್ ಅಂತಿದೆ. ಇಲ್ಲಿ ಕೆಜಿಗೆ 300 ಯೂನಿಟ್. 70 ಕೆಜಿ ಡೋನರ್‌ಗೆ 21,000. ಕೊಟ್ಟು 3 ನಿಮಿಷ ಓಡಾಡಕ್ಕೆ ಬಿಟ್ಟು ಆಮೇಲೆ ಅಯೋರ್ಟಾಗೆ (ಮಹಾಧಮನಿಗೆ) ಕ್ಯಾನುಲಾ, ಅಂದ್ರೆ ತಣ್ಣನೆ ದ್ರಾವಣ ಬಿಡೋ ಕೊಳವೆ.

ರಘು: ಟೈಪಿಂಗ್ ತಪ್ಪಿರಬೇಕು ಮಾರಾಯ್ತಿ, ತಿದ್ದಿದ್ರಾಯ್ತು.

ಮಂಜು: ಅದನ್ನ ತಿದ್ದಬಹುದು. 3ನೇದು ನೋಡು. ಹೃದಯ ಬಡೀತಿರುವಾಗನ ಲಿವರ್ ಹೈಲಮ್ (ರಕ್ತನಾಳ, ಪಿತ್ತನಾಳ ಲಿವರಿಗೆ ಸೇರೂ ಜಾಗ) ಪೂರ್ತಿ ಬಿಡಿಸ್ರಿ ಅಂತ ಬರದಾರ. ಅದು ಯಾವ ಕಾಲದ್ದೋ ಪಾ?

ರಘು: ಅದರಲ್ಲೇನು ತಪ್ಪು? ನಾಡಿ ಬಡೀತಿದ್ರೆ ಆರ್ಟರಿ ಸಿಗೋದು ಸುಲಭ, ಅಂಗ ಹೊರಗೆ ತೆಗೆದ ಮೇಲೆ ಬ್ಯಾಕ್ ಟೇಬಲ್ ಮೇಲಿನ ಕೆಲಸಾನೂ ಕಡಿಮೆ.

ಮಂಜು: ಬ್ರೇನ್ ಡೆತ್ ಆದವರಿಗೆ ರಕ್ತನಾಳದ ಟೋನೇ ಇರಂಗಿಲ್ಲ, ಮ್ಯಾಲೆ ಡಯಾಬಿಟಿಸ್ ಇನ್ಸಿಪಿಡಸ್ (ಮೂತ್ರ ವಿಪರೀತ ಹೋಗೂದು). ಎರಡು ತಾಸು ಜಗ್ಗಾಡಿದ್ರ ಬಿಪಿ ಬೀಳ್ತದ, ಹೆಪ್ಯಾಟಿಕ್ ಆರ್ಟರಿ (ಲಿವರ್‌ನ ಆರ್ಟರಿ) ಮುಟ್ಟಿದಷ್ಟೂ ಸ್ಪಾಸಂ, ಬಿಗಿದುಕೊಳ್ತದ. ಲಿವರ್ ಕಸಿಯ ಸರ್ಜನ್ ಸ್ಟಾರ್ಝಲ್ ಅವರೇ 1984ರಾಗ ಬರೆದ ಪದ್ಧತಿನ 1987ರಾಗ ಚುರುಕು ಮಾಡಿದ್ರು: ಮೊದಲು ತಣ್ಣಗ ಮಾಡು, ಆಮೇಲೆ ಬಿಡಿಸು.

ಸವಿತಾ: ಹಾಗಂತ ಏನೂ ನೋಡದೆ ಕ್ಲ್ಯಾಂಪ್ ಹಾಕೋಕೂ ಆಗಲ್ಲ. ಬಿಡಿಸೋದು ಬೇಡ, ಬೆರಳಲ್ಲಿ ನೋಡು. ಲೆಸ್ಸರ್ ಓಮೆಂಟಮ್ (ಜಠರಕ್ಕೂ ಲಿವರ್‌ಗೂ ನಡುವಿನ ಪೊರೆ) ಕತ್ತರಿಸೋ ಮುಂಚೆ ಅದರೊಳಗೆ ಎಡ ಹೆಪ್ಯಾಟಿಕ್ ಆರ್ಟರಿ ಇದೆಯಾ ಅಂತ. ಆಮೇಲೆ ಲಿವರ್‌ಗೆ ಹೋಗೋ ನಾಳಗಳ ಹಿಂದಿನ ವಿನ್‌ಸ್ಲೋ ರಂಧ್ರದಲ್ಲಿ ಬೆರಳು ಇಟ್ಟು ಪೋರ್ಟಲ್ ವೇನ್ (ಕರುಳಿಂದ ಲಿವರ್‌ಗೆ ಹೋಗೋ ವೇನ್) ಹಿಂದೆ, ಪಿತ್ತನಾಳದ ಬಲಕ್ಕೆ ನಾಡಿ. ಸಿಕ್ಕರೆ ಅದು ಕರುಳಿನ ಮುಖ್ಯ ಆರ್ಟರಿ ಎಸ್‌ಎಂಎಯಿಂದ ಬಂದ ಬಲ ಹೆಪ್ಯಾಟಿಕ್ ಆರ್ಟರಿ. ಆಗ ಸೀಲಿಯಾಕ್ (ಲಿವರ್, ಜಠರದ ಕಡೆಯ ಆರ್ಟರಿ) ಜೊತೆ ಎಸ್‌ಎಂಎ ಬುಡಾನೂ ಒಂದೇ ಅಯೋರ್ಟಾ ಪ್ಯಾಚಲ್ಲಿ ಲಿವರ್ ಕಡೆಗೆ ಹೋಗ್ಬೇಕು. ಪ್ಯಾಂಕ್ರಿಯಾಸ್ ಟೀಮ್ ಇದ್ರೆ ಈ ಮಾತು ಕ್ಲ್ಯಾಂಪಿಗೆ ಮುಂಚೆನೇ ಮುಗೀಬೇಕು, ಕತ್ತರಿ ಹಿಡ್ಕೊಂಡು ನಿಂತಾಗ ಅಲ್ಲ.

ರಘು: ಇದು ಚಾರ್ಟಲ್ಲಿ ಇಲ್ವೇ ಇಲ್ಲ. ಒಪ್ದೆ.

ಪ್ರಕಾಶ್ ಸರ್: ಅನಸ್ತೇಷಿಯಾ ಕಡೆಯಿಂದ ಎರಡು ಮಾತು. ಚರ್ಮ ಮುಟ್ಟೋ ಮುಂಚೆ ಫಾರ್ಮ್ 8 (ಮನೆಯವರ ಒಪ್ಪಿಗೆ), ಫಾರ್ಮ್ 10 (ಬ್ರೇನ್ ಡೆತ್ ಸರ್ಟಿಫಿಕೇಟ್), ರಕ್ತದ ಗುಂಪು, ಮೂರನ್ನೂ ಸರ್ಜನ್ ತಾವೇ ನೋಡಬೇಕು. ಮಸಲ್ ರಿಲ್ಯಾಕ್ಸಂಟ್ ನಾವು ಕೊಟ್ಟೇ ಕೊಡ್ತೀವಿ. ಸ್ಪೈನಲ್ (ಬೆನ್ನುಹುರಿಯ) ರಿಫ್ಲೆಕ್ಸಿಗೆ ಕೈಕಾಲು ಅಲುಗಾಡಿದ್ರೆ ಗೊತ್ತಿಲ್ಲದ ಸಿಬ್ಬಂದಿ ಗಾಬರಿ ಆಗ್ತಾರೆ.

ಮಂಜು: ಬರೋಬ್ಬರಿ ಸರ್. ಈಗ 6ನೇದು: "ಯಾವ ದ್ರಾವಣವಾದರೂ 4 ಲೀಟರ್." ಅಂಗ ತಣ್ಣಗ ಮಾಡೂ ದ್ರಾವಣ ಯುಡಬ್ಲ್ಯೂ ಆದ್ರ ಅಯೋರ್ಟಾದಾಗ 3–4 ಲೀಟರ್ ಸಾಕು. ಎಚ್‌ಟಿಕೆ ಅನ್ನೂ ಇನ್ನೊಂದು ದ್ರಾವಣ ನೀರಿನಂಗ ತೆಳ್ಳಗ, 8–10 ಲೀಟರ್ ಬೇಕು. 4ಕ್ಕೇ ನಿಲ್ಲಿಸಿದ್ರ ಅಂಗ ತಣ್ಣಗಾಗೂದ ಇಲ್ಲ.

ಸವಿತಾ: ವೆಂಟ್ (ರಕ್ತ ಹೊರಗೆ ಬಿಡೋ ದಾರಿ) ಬಗ್ಗೆ ಒಂದಕ್ಷರ ಇಲ್ಲ ನೋಡು. ವೆಂಟ್, ಸೀಲಿಯಾಕ್ ಮೇಲಿನ ಕ್ಲ್ಯಾಂಪ್, ಫ್ಲಶ್ (ದ್ರಾವಣ ಬಿಡೋದು) ಮೂರೂ ಒಂದೇ ಉಸಿರಲ್ಲಿ ಆಗ್ಬೇಕು. ಐವಿಸಿ (ಕೆಳಗಿನ ಮಹಾಸಿರೆ) ತೆರೆಯೋದು ತಡ ಆದ್ರೆ ಲಿವರ್ ಉಬ್ಬಿ ಗಟ್ಟಿಯಾಗತ್ತೆ, ಒಳಗೆ ಏನೂ ಹೋಗಲ್ಲ. ಹಾರ್ಟ್ ಟೀಮ್ ಎದೇಲಿ ರಕ್ತ ತುಂಬೋದು ಬೇಡ ಅಂದ್ರೆ ಕಿಡ್ನಿ ಕೆಳಗಿನ ಐವಿಸಿಗೆ ಟ್ಯೂಬ್ ಹಾಕಿ ಬಕೆಟ್‌ಗೆ ಬಿಡು.

ಇಕ್ಬಾಲ್: ಕಿಡ್ನಿ ಅಂದ್ರಿ, ಬಂದೆ. ಅಯೋರ್ಟಾ ಕ್ಯಾನುಲಾ ಎಷ್ಟು ಒಳಗೆ ಅಂತ ಯಾರೂ ಬರೆಯಲ್ಲ! ತುದಿ ರೀನಲ್ (ಕಿಡ್ನಿಯ) ಆರ್ಟರಿ ದಾಟಬಾರದು. ದಾಟಿತೋ, ಲಿವರ್ ಬೆಳ್ಳಗಾಗತ್ತೆ, ಕಿಡ್ನಿ ನೇರಳೆ ಬಣ್ಣದಲ್ಲೇ ಉಳಿಯತ್ತೆ. ಫ್ಲಶ್ ಶುರುವಾದ ಕೂಡ್ಲೇ ಜೆರೋಟಾ (ಕಿಡ್ನಿ ಸುತ್ತಲಿನ ಪೊರೆ) ಸ್ವಲ್ಪ ತೆರೆದು ಬಣ್ಣ ನೋಡಿ, ಮುಟ್ಟಿ ನೋಡಿ.

ಇಕ್ಬಾಲ್: ಇನ್ನೊಂದು, ಲಿವರ್‌ನವರಿಗೆ. ಎಸ್‌ಎಂಎ ಕೆಳಗೆ ಅಯೋರ್ಟಾ ಒಂದೇ ಏಟಿಗೆ ಅಡ್ಡ ಕತ್ತರಿಸ್ತೀರಿ. ರೀನಲ್ ಬಾಯಿ ಅಲ್ಲೇ ಹತ್ತಿರ ಇರತ್ತೆ. ಮುಂದಿನ ಗೋಡೆ ಮಾತ್ರ ತೆರೆದು, ಒಳಗೆ ಇಣುಕಿ, ಎರಡೂ ಬಾಯಿ ಕಂಡ ಮೇಲೆ ಓರೆಯಾಗಿ ಮೇಲಕ್ಕೆ ಕತ್ತರಿಸಿ. ಎಡ ರೀನಲ್ ವೇನ್ ಐವಿಸಿಯ ಸಣ್ಣ ಕಫ್ (ಅಂಚು) ಸಮೇತ ಬಿಡಿಸಿ, ಉಳಿದ ಐವಿಸಿ ಬಲ ಕಿಡ್ನಿಗೆ ಇರಲಿ. ಅದರ ವೇನ್ ಗಿಡ್ಡ, ಪಾಪ.

ರಘು: ಸರಿ ಸರಿ, ಎಲ್ಲ ಬರ್ಕೋತಿದೀನಿ. ಪಿತ್ತಕೋಶದ ಹೆಜ್ಜೆಯಾದ್ರೂ ಸರಿ ಇದೆ ಅಲ್ವಾ? ತುದಿ ತೆರೆದು ಸಲೈನಲ್ಲಿ ತೊಳೆಯೋದು.

ಸವಿತಾ: ಅದು ಸರಿ. ಪಿತ್ತ ಒಳಗೇ ಉಳಿದ್ರೆ ನಾಳದ ಒಳಪದರ ಕೊಳೆಯತ್ತೆ, ತಿಂಗಳಾದ ಮೇಲೆ ಸ್ಟ್ರಿಕ್ಚರ್ (ನಾಳ ಕಿರಿದಾಗೋದು) ಅಂತ ಪೇಷಂಟ್ ವಾಪಸ್. ನಾಳಾನ ಡ್ಯೂಓಡಿನಮ್ (ಸಣ್ಣ ಕರುಳಿನ ಮೊದಲ ಭಾಗ) ಹತ್ತಿರ ಕತ್ತರಿಸು. ಹೈಲಮ್ ಕಡೆ ಕೆರೆದು ಬರಿದು ಮಾಡಬೇಡ.

ರಘು: ಹಾಗಾದ್ರೆ ಪೋರ್ಟಲ್ ಫ್ಲಶ್ ಹೊಟ್ಟೇಲೇ ಕೊಡ್ಲಾ? ಚಾರ್ಟ್ ಐಎಂವಿಗೆ (ಕರುಳಿನ ಒಂದು ವೇನ್‌ಗೆ) ಕ್ಯಾನುಲಾ ಅಂತ ಹೇಳತ್ತೆ.

ಮಂಜು: ಬ್ಯಾಡ. ಪ್ಯಾಂಕ್ರಿಯಾಸ್ ಊದಿಕೊಳ್ತದ. ಅಯೋರ್ಟಾ ಸಾಕು, ಪೋರ್ಟಲ್‌ದು 1 ಲೀಟರ್ ಬ್ಯಾಕ್ ಟೇಬಲ್ ಮ್ಯಾಲೆ.

ಸವಿತಾ: ಪ್ಯಾಂಕ್ರಿಯಾಸ್ ತೆಗೆಯದೇ ಇದ್ರೆ?

ಮಂಜು: ಆವಾಗೂ ನಾ ಹಾಕಂಗಿಲ್ಲ.

ಸವಿತಾ: ನಾನು ಹಾಕ್ತೀನಿ. ಕೊಬ್ಬಿನ ಲಿವರ್ ಆದ್ರಂತೂ ಖಂಡಿತ. ರಘು, ಎರಡನ್ನೂ ಬರಿ, ಯಾವಾಗ ಯಾವುದು ಅಂತ.

ರಘು: 10 ಹೆಜ್ಜೆ 17 ಆಯ್ತಲ್ರೋ.

ಇಕ್ಬಾಲ್: 18 ಮಾಡು. ಯುರೇಟರ್ (ಮೂತ್ರನಾಳ) ಬ್ಲ್ಯಾಡರ್ ಹತ್ತಿರದ ತನಕ ಉದ್ದ ತಗೊಳ್ಳಿ, ಸುತ್ತಲಿನ ಕೊಬ್ಬು ಸಮೇತ. ಕಿಡ್ನಿಯ ಕೆಳತುದಿಗೂ ಯುರೇಟರ್‌ಗೂ ನಡುವಿನ ತ್ರಿಕೋನ ಮುಟ್ಟಬೇಡಿ, ಯುರೇಟರ್‌ಗೆ ರಕ್ತ ಅಲ್ಲಿಂದಾನೇ ಬರೋದು.