ಅಪ್‌ಡೇಟ್: ಅಡಿಕೆ ಮಂಡಿಯ ಬಿಲ್ಲಿಂಗ್‌ನಲ್ಲಿ ಬರುತ್ತಿದ್ದ ಡೆಡ್‌ಲಾಕ್ ನಿಂತಿದೆ

ಶಿವಮೊಗ್ಗದ ಅಡಿಕೆ ಮಂಡಿಯೊಂದರ ತಂತ್ರಾಂಶದಲ್ಲಿ ಇಬ್ಬರು ಗುಮಾಸ್ತರು ಏಕಕಾಲಕ್ಕೆ ಬಿಲ್ ಉಳಿಸುವಾಗ ಮೈಎಸ್‌ಕ್ಯೂಎಲ್ ಡೇಟಾಬೇಸ್ 1213 ಸಂಖ್ಯೆಯ ದೋಷ (ಡೆಡ್‌ಲಾಕ್, ಅಂದರೆ ಎರಡು ಕೆಲಸಗಳು ಒಂದಕ್ಕೊಂದು ಕಾಯುತ್ತ ಸಿಕ್ಕಿಕೊಳ್ಳುವುದು) ತೋರಿಸುತ್ತಿದೆ, ಏನು ಮಾಡಲಿ ಎಂದು ಕೇಳಿದ್ದೆ.

ಲಾಕ್‌ಗಾಗಿ (ಬೇರೆಯವರು ತಿದ್ದದಂತೆ ಟೇಬಲ್‌ನ ಸಾಲನ್ನು ಹಿಡಿದಿಡುವುದಕ್ಕಾಗಿ) ಕಾಯುವ ಅವಧಿಯನ್ನು 50 ಸೆಕೆಂಡಿನಿಂದ ಹೆಚ್ಚಿಸುವ ಸಲಹೆ ಫಲಿಸಲಿಲ್ಲ. ಮೈಎಸ್‌ಕ್ಯೂಎಲ್‌ನಲ್ಲಿ ದತ್ತಾಂಶ ಸಂಗ್ರಹಿಸುವ ಎಂಜಿನ್ ಆದ ಇನ್ನೋಡಿಬಿ ಡೆಡ್‌ಲಾಕನ್ನು ಪತ್ತೆಹಚ್ಚಿದೊಡನೆ ಒಂದು ಟ್ರಾನ್ಸಾಕ್ಷನ್ನನ್ನು (ಒಟ್ಟಾಗಿಯೇ ಆಗಬೇಕಾದ ಬದಲಾವಣೆಗಳ ಗುಂಪನ್ನು) ರದ್ದುಗೊಳಿಸುವುದರಿಂದ ಆ ಅವಧಿಯ ಪ್ರಶ್ನೆಯೇ ಬರುವುದಿಲ್ಲ. ಕೊನೆಯ ಡೆಡ್‌ಲಾಕಿನ ವಿವರ ತೋರಿಸುವ ‘ಶೋ ಎಂಜಿನ್ ಇನ್ನೋಡಿಬಿ ಸ್ಟೇಟಸ್’ ಆದೇಶ ಕೊಟ್ಟು ನೋಡಿ ಎಂದವರ ಮಾತೇ ಕೈಹಿಡಿಯಿತು: ಒಂದು ಬಿಲ್ ‘ರಾಶಿ’ ಎಂಬ ಅಡಿಕೆ ಬಗೆಯ ದಾಸ್ತಾನಿನ ಸಾಲನ್ನು ಹಿಡಿದು ‘ಬೆಟ್ಟೆ’ ಎಂಬ ಇನ್ನೊಂದು ಬಗೆಯದಕ್ಕೆ ಕಾಯುತ್ತಿದ್ದರೆ, ಇನ್ನೊಂದು ಬೆಟ್ಟೆಯದನ್ನು ಹಿಡಿದು ರಾಶಿಯದಕ್ಕೆ ಕಾಯುತ್ತಿತ್ತು. ಈಗ ಗುಮಾಸ್ತರು ಹೇಗೆ ನಮೂದಿಸಿದರೂ ತಂತ್ರಾಂಶವು ಆ ಸಾಲುಗಳನ್ನು ಐಡಿಯ ಏರಿಕೆಯ ಕ್ರಮದಲ್ಲೇ ಲಾಕ್ ಮಾಡುತ್ತದೆ.

ಅಚ್ಚರಿಯೆಂದರೆ, ಲಾಟ್‌ಗಳ ಟೇಬಲ್‌ನಲ್ಲಿ ಲಾಟ್ ಸಂಖ್ಯೆಗೆ ಇಂಡೆಕ್ಸ್ (ಬೇಕಾದ ಸಾಲನ್ನು ನೇರವಾಗಿ ಹುಡುಕಿಕೊಡುವ ಸೂಚಿ) ಇರದಿದ್ದುದರಿಂದ ಒಂದೇ ಲಾಟನ್ನು ತಿದ್ದಿದರೂ ಎಲ್ಲ ಸಾಲುಗಳೂ ಲಾಕ್ ಆಗುತ್ತಿದ್ದವು, ಇಂಡೆಕ್ಸ್ ಸೇರಿಸಿದ್ದಾಯಿತು. 1213 ಮತ್ತೆ ಬಂದರೆ ಇಡೀ ಟ್ರಾನ್ಸಾಕ್ಷನ್ನನ್ನು ಮೊದಲಿನಿಂದ ನಡೆಸುವ ಕೋಡನ್ನೂ ಉಳಿಸಿಕೊಂಡಿದ್ದೇನೆ.