ಪಾರ್ಕ್ ಬುಕಿಂಗ್ ಕ್ಯಾಲೆಂಡರ್: ಇರೋದನ್ನೇ ಬಳಸೋಣವಾ, ಹೊಸದು ಕಟ್ಟೋಣವಾ?

ರಘು: ಸಾರ್ವಜನಿಕ ಪಾರ್ಕಿನ ಆಟದ ಮೈದಾನ, ಮಂಟಪ, ಬಯಲು ವೇದಿಕೆ ಇವನ್ನೆಲ್ಲ ಆನ್‌ಲೈನ್‌ನಲ್ಲಿ ಬುಕ್ ಮಾಡುವಂತಾಗಬೇಕು. ಈಗ ಕೌಂಟರಿನಲ್ಲಿ ರಿಜಿಸ್ಟರ್ ಇದೆ. ಎಲ್ಲರೂ ನೋಡುವ ಹಾಗೆ ಒಂದು ಗೂಗಲ್ ಕ್ಯಾಲೆಂಡರ್ ಇಟ್ಟರೆ ಸಾಕಲ್ವಾ?

ವೀಣಾ: ತೋರಿಸೋಕೆ ಸಾಕು, ಬುಕಿಂಗ್‌ಗೆ ಸಾಲದು. ಮಾಮೂಲಿ ಕ್ಯಾಲೆಂಡರಿನಲ್ಲಿ ಒಂದೇ ಹೊತ್ತಿಗೆ ಎರಡು ಕಾರ್ಯಕ್ರಮ ಹಾಕಿದರೆ ಎರಡೂ ಪಕ್ಕಪಕ್ಕ ಕೂರುತ್ತವೆ. ತಡೆಯೋರು ಯಾರು?

ಇಮ್ರಾನ್: ಕೋಡ್‌ನಲ್ಲೇ ತಡೆಯಬಹುದು ಮೇಡಂ. ಖಾಲಿ ಇದೆಯಾ ನೋಡು, ಇದ್ದರೆ ಬರೆ. ಅಷ್ಟೇ.

ವೀಣಾ: ಅಲ್ಲೇ ಎಡವಟ್ಟಾಗೋದು ಇಮ್ರಾನ್. ಇಬ್ಬರು ಒಂದೇ ಕ್ಷಣಕ್ಕೆ ಬಟನ್ ಒತ್ತಿದರೆ ಇಬ್ಬರಿಗೂ ಖಾಲಿ ಅಂತಲೇ ಕಾಣುತ್ತದೆ, ಎರಡೂ ಬುಕಿಂಗ್ ಒಳಗೆ ಹೋಗುತ್ತವೆ. ತಡೆ ಡೇಟಾಬೇಸ್‌ನಲ್ಲೇ ಇರಬೇಕು. ಪೋಸ್ಟ್‌ಗ್ರೆಸ್ ಅನ್ನೋ ಡೇಟಾಬೇಸ್‌ನಲ್ಲಿ 2012ರ 9.2 ಆವೃತ್ತಿಯಿಂದ ರೇಂಜ್ ಟೈಪ್ ಇದೆ, ಅಂದರೆ ಶುರು, ಕೊನೆ ಎರಡನ್ನೂ ಸೇರಿಸಿ ಒಂದೇ ಅವಧಿಯಾಗಿ ಇಡುವ ಬಗೆ. ಅದರ ಮೇಲೆ ಎಕ್ಸ್‌ಕ್ಲೂಷನ್ ಕನ್‌ಸ್ಟ್ರೇಂಟ್ ಅನ್ನೋ ನಿಯಮ ಹಾಕಿದರೆ, ಅದೇ ಜಾಗಕ್ಕೆ ಹೊತ್ತು ಒಂದರ ಮೇಲೊಂದು ಬಿದ್ದ ಎರಡನೇ ಬುಕಿಂಗನ್ನು ಡೇಟಾಬೇಸೇ ತಿರಸ್ಕರಿಸುತ್ತದೆ. ಮುಗಿಯುವ ಸಮಯವನ್ನು ಮಾತ್ರ ಲೆಕ್ಕದಿಂದ ಹೊರಗಿಡಿ. ಇಲ್ಲದಿದ್ದರೆ 10ರಿಂದ 12ರ ಬುಕಿಂಗೂ 12ರಿಂದ 2ರ ಬುಕಿಂಗೂ ಸುಮ್ನೆ ಡಿಕ್ಕಿ ಹೊಡೆಯುತ್ತವೆ.

ಸುಮಾ: ಇಷ್ಟಾದರೂ ಒಂದು ತೂತು ಉಳಿಯುತ್ತದೆ. ಒಬ್ಬರು ಇಡೀ ಮೈದಾನ ಕೇಳುತ್ತಾರೆ, ಇನ್ನೊಬ್ಬರು ಅರ್ಧ. ಇವೆರಡನ್ನೂ ಬೇರೆ ಬೇರೆ ಜಾಗ ಅಂತ ದಾಖಲಿಸಿದ್ದರೆ ನಿಮ್ಮ ತಡೆಗೆ ಏನೂ ಗೊತ್ತಾಗಲ್ಲ. ಅತಿ ಚಿಕ್ಕ ತುಂಡನ್ನೇ ಜಾಗ ಅಂತ ಇಟ್ಟುಕೊಳ್ಳಿ. ಇಡೀ ಮೈದಾನ ಅಂದರೆ ಎರಡೂ ತುಂಡು, ಒಂದೇ ಟ್ರಾನ್ಸಾಕ್ಷನ್‌ನಲ್ಲಿ. ಒಂದು ಸಿಗದಿದ್ದರೆ ಎರಡೂ ಬೇಡ.

ಇಮ್ರಾನ್: ಇದು ಒಪ್ಪಿದೆ. ದುಡ್ಡು ಕಟ್ಟುವವರೆಗೆ ಹತ್ತು ನಿಮಿಷ ಜಾಗ ಹಿಡಿದಿಡೋಣ. ಅವಧಿ ಮುಗಿದಿದ್ದು ತಾನಾಗಿ ಬಿಟ್ಟುಹೋಗುತ್ತಾ?

ವೀಣಾ: ಇಲ್ಲ. ಕನ್‌ಸ್ಟ್ರೇಂಟ್‌ನ ಷರತ್ತಿನಲ್ಲಿ ‘ಈಗಿನ ಸಮಯ’ ಬಳಸೋಕೆ ಪೋಸ್ಟ್‌ಗ್ರೆಸ್ ಬಿಡಲ್ಲ. ಅವಧಿ ಮೀರಿದ್ದನ್ನು ರದ್ದು ಮಾಡುವ ಕೆಲಸ ಬೇರೆ ಬರೆಯಬೇಕು. ಹೊಸ ಬುಕಿಂಗ್ ಬಂದಾಗ ಮೊದಲು ಅದನ್ನೇ ಓಡಿಸಿ.

ಗಿರೀಶ: ನೀವೆಲ್ಲ ಯಂತ್ರದ ಮಾತೇ ಆಡ್ತಿದ್ದೀರಿ. ಒಂದು ಕ್ಲಬ್ ಮೊದಲ ದಿನವೇ ವರ್ಷದ ಅಷ್ಟೂ ಭಾನುವಾರ ಹಿಡಿದುಬಿಟ್ಟರೆ? ತಾಂತ್ರಿಕವಾಗಿ ಎಲ್ಲ ಸರಿ, ಅಕ್ಕಪಕ್ಕದ ಮಕ್ಕಳಿಗೆ ಮಾತ್ರ ಮೈದಾನ ಇಲ್ಲ. ಪಾರ್ಕ್ ಎಲ್ಲರದು. ಬುಕಿಂಗೇ ಇಲ್ಲದ ಹೊತ್ತು ದಿನವೂ ಇರಲೇಬೇಕು.

ರಘು: ಕ್ಲಬ್‌ನವರು ಖಾಯಂ ದುಡ್ಡು ಕಟ್ಟೋರು ಸರ್. ಆ ದುಡ್ಡಲ್ಲೇ ಹುಲ್ಲು, ದೀಪ ಎಲ್ಲ ನಡೆಯೋದು.

ಗಿರೀಶ: ಕಟ್ಟಲಿ. ಆದರೆ ಒಂದು ತಿಂಗಳಿಗಿಂತ ಮುಂದಕ್ಕೆ ಬೇಡ.

ಸುಮಾ: ಒಂದು ತಿಂಗಳು ತೀರಾ ಕಮ್ಮಿ, ಪಂದ್ಯಾವಳಿಯವರಿಗೆ ಸಾಲಲ್ಲ. ಮೂರು ತಿಂಗಳು ಕೊಡಿ. ಪ್ರತಿ ವಾರದ್ದನ್ನೂ ಬೇರೆ ಸಾಲಾಗಿ ಬರೆಯಿರಿ, ಆಗ ಒಂದು ಭಾನುವಾರ ಬಿಟ್ಟುಕೊಟ್ಟರೆ ಅದೊಂದೇ ಖಾಲಿಯಾಗುತ್ತದೆ. ಮತ್ತೆ ರಘು ಅವರೇ, ಆ ರಿಜಿಸ್ಟರ್ ಏನಾಗುತ್ತದೆ? ಫೋನ್ ಇಲ್ಲದವರು ಕೌಂಟರಿಗೇ ಬರೋದು.

ರಘು: ಅದು ಪಕ್ಕದಲ್ಲೇ ಇರಲಿ ಅಂದುಕೊಂಡಿದ್ದೆ.

ವೀಣಾ: ಬೇಡವೇ ಬೇಡ. ಕೌಂಟರಿನವರೂ ಅದೇ ಪರದೆಯಲ್ಲಿ ಬುಕ್ ಮಾಡಲಿ. ಎರಡು ಕಡೆ ಬರೆದರೆ ಈ ತಡೆ ಯಾವುದೂ ಕೆಲಸಕ್ಕೆ ಬರಲ್ಲ.

ಗಿರೀಶ: ಇದಕ್ಕೆ ನನ್ನದೂ ಒಪ್ಪಿಗೆ. ಮೂರು ತಿಂಗಳಿಗೆ ಮಾತ್ರ ಇನ್ನೂ ಇಲ್ಲ.